ಇಬ್ಬನಿಯ ಹೆಪ್ಪು

ಅಂಗಡಿಯಿಲ್ಲದೆಯೂ ಮೊಸರು ಹುಟ್ಟುತ್ತದೆ ಎಂಬುದು ಎಲ್ಮಾಸಳಿಗೆ ತಿಳಿದದ್ದು ಮದುವೆಯಾಗಿ ಬೆಟ್ಟ ಹತ್ತಿದ ಮೇಲೆ. ಅವಳು ಬೆಳೆದದ್ದು ಕೆಳಗೆ ಬಯಲಿನ ಪೇಟೆಯಲ್ಲಿ, ಹತ್ತಿ ಗಿರಣಿಯ ಹಿಂದಿನ ಓಣಿಯಲ್ಲಿ. ತಾಯಿ ತೀರಿಕೊಂಡಾಗ ತಮ್ಮಂದಿರ ಹೊಟ್ಟೆ ನೋಡುವವರು ಬೇಕೆಂದು ಅವಳನ್ನು ಶಾಲೆ ಬಿಡಿಸಿದ್ದರು. ಮೊಸರು ಬೇಕಾದರೆ ಪಾತ್ರೆ ಹಿಡಿದು ಅಂಗಡಿಗೆ ಓಡುವುದು, ಮೆಣಸಿನ ಗೊಜ್ಜು ಬೇಕಾದರೆ ಅದೇ ಅಂಗಡಿಗೆ, ಉಪ್ಪಿನಕಾಯಿಗೆ ಹುಳಿ ಬೇಕಾದರೂ ಅಲ್ಲಿಗೇ. ಅಂಗಡಿಯವನ ಹಿಂದಿನ ಕತ್ತಲಲ್ಲಿ ಅವೆಲ್ಲ ಹೇಗೆ ಬಂದು ಕೂತವೆಂದು ಅವಳು ಯೋಚಿಸಿದವಳೇ ಅಲ್ಲ.

ತೋರೋಸ್ ಬೆಟ್ಟದ ಈ ಮನೆಗೆ ಹೊರಗಿನಿಂದ ಬರುತ್ತಿದ್ದದ್ದು ಉಪ್ಪು, ಚಹಾ, ಸಕ್ಕರೆ, ಬೆಂಕಿಪೊಟ್ಟಣ, ಅಷ್ಟೇ. ಉಳಿದದ್ದೆಲ್ಲ ಅತ್ತೆ ಕೆಜಿಬಾನಳ ಕೈಯಿಂದ ಹುಟ್ಟುತ್ತಿತ್ತು. ಎಲ್ಮಾಸ್ ಕಾಲಿಟ್ಟಾಗ ಮಣ್ಣಿನ ಚಾವಣಿಯ ಮೇಲೆ ಅರೆದ ಕೆಂಪು ಮೆಣಸು ಅಗಲ ತಟ್ಟೆಗಳಲ್ಲಿ ಬಿಸಿಲು ಕುಡಿಯುತ್ತಿತ್ತು. ಬರಬರುತ್ತ ಅದರ ಕೆಂಪು ಗಾಢವಾಗಿ, ಕೊನೆಗೆ ಬೆರಳಲ್ಲಿ ಎತ್ತಿದರೆ ಎಳೆಯೆಳೆಯಾಗಿ ಬರುವಷ್ಟು ಮಂದವಾಯಿತು. ದ್ರಾಕ್ಷಿ ರಸ ಕೊಪ್ಪರಿಗೆಯಲ್ಲಿ ಕುದಿದು ಕಪ್ಪು ಪಾಕವಾಯಿತು. ಹಿಂಡಿ ಉಳಿದ ಸಿಪ್ಪೆ ಮೂಲೆಯ ಜಾಡಿಯಲ್ಲಿ ಕೂತು, ಯಾರೂ ಏನೂ ಮಾಡದೆ, ತನ್ನಷ್ಟಕ್ಕೆ ತಾನೇ ಹುಳಿಯಾಯಿತು. ಆ ಜಾಡಿಯ ಬಾಯಿಗೆ ಕಿವಿಯಿಟ್ಟು, ಒಳಗಿನ ಸಣ್ಣ ಸಿಡಿತ ಕೇಳುತ್ತ ನಿಂತಿದ್ದಾಗ ನಾದಿನಿ ದುದು ಅವಳನ್ನು ಹಿಡಿದುಹಾಕಿದ್ದಳು.

"ಏನತ್ತಿಗೆ, ಜಾಡಿ ಏನಾದ್ರೂ ಗುಟ್ಟು ಹೇಳ್ತಿದ್ಯಾ? ನಂಗೂ ಹೇಳು, ಊರಿಗೆಲ್ಲ ಹಂಚ್ತೀನಿ."

ಎಲ್ಮಾಸ್ ನಾಚಿ ತಲೆವಸ್ತ್ರದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ಎಲ್ಲಕ್ಕೂ ಬೇರು ಮೊಸರು. ಮೊಸರು ಕಡೆದರೆ ಬೆಣ್ಣೆ, ಬಟ್ಟೆಯಲ್ಲಿ ಕಟ್ಟಿ ಒಣಗಿಸಿದರೆ ಚಳಿಗಾಲಕ್ಕೆ ಕಲ್ಲಿನಂಥ ಉಂಡೆ, ಗೋಧಿಯ ಜೊತೆ ಕಲಸಿ ಬಿಸಿಲಿಗಿಟ್ಟರೆ ವರ್ಷಪೂರ್ತಿ ಸಾರಿಗೆ ಹಿಟ್ಟು. ಆ ಮೊಸರಿಗೆಲ್ಲ ತಾಯಿಯಂತೆ ಗೂಡಿನಲ್ಲಿ ಒಂದು ಕುಡಿಕೆ ಕೂತಿರುತ್ತಿತ್ತು. ಅಂಗೈಯಗಲದ, ಮೆರುಗಿಲ್ಲದ ಮಣ್ಣಿನ ಕುಡಿಕೆ. ಹೊರಮೈಯಲ್ಲೆಲ್ಲ ಬಿಳಿ ಬಿಳಿ ಕಲೆ. ಇಂದಿನ ಮೊಸರಿನಿಂದ ಒಂದಿಷ್ಟು ಎತ್ತಿ ಅದರಲ್ಲಿಟ್ಟರೆ ಅದೇ ನಾಳೆಯ ಹಾಲಿಗೆ ಹೆಪ್ಪು. ಮನೆಮಂದಿಯೆಲ್ಲ ಡೇರೆ ಹೊತ್ತು ಅಲೆಯುತ್ತಿದ್ದ ಕಾಲದಲ್ಲಿ, ಕೆಜಿಬಾನಳ ಅತ್ತೆ ಒಂಟೆಯ ಮೇಲೆ ಕೂತು ಮಡಿಲಲ್ಲಿ ಅಡಗಿಸಿಕೊಂಡು ತಂದ ಹೆಪ್ಪು ಅದು. ಹೆತ್ತ ಮಗುವನ್ನು ಒಂದು ತೊಡೆಯ ಮೇಲೆ, ಕುಡಿಕೆಯನ್ನು ಇನ್ನೊಂದು ತೊಡೆಯ ಮೇಲೆ ಇಟ್ಟುಕೊಂಡಿದ್ದಳಂತೆ. ಅಂದಿನಿಂದ ಒಂದು ದಿನವೂ ಅದು ಖಾಲಿಯಾದದ್ದಿಲ್ಲ. ನಿನ್ನೆಯ ಮೊಸರು ಇಂದಿನ ಹಾಲಿನಲ್ಲಿ, ಅದರ ಹಿಂದಿನ ದಿನದ್ದು ನಿನ್ನೆಯದರಲ್ಲಿ, ಹಾಗೇ ಹಿಂದಕ್ಕೆ ಹಿಂದಕ್ಕೆ ಹೋದರೆ ಯಾವುದೋ ಡೇರೆಯ ಯಾವುದೋ ಮುಂಜಾವು. ಬಟ್ಟಲಿನ ಮುಂದೆ ಕೂತಾಗೆಲ್ಲ ಎಲ್ಮಾಸಳಿಗೆ ಇದು ನೆನಪಾಗಿ, ಚಮಚ ಬಾಯಿಗೆ ಹೋಗುವ ಮೊದಲು ಒಂದು ಗಳಿಗೆ ನಿಲ್ಲುತ್ತಿತ್ತು.

ಆ ಮನೆಗಳಲ್ಲಿ ಹೊಸ ಸೊಸೆಯ ದನಿ ಅತ್ತೆ ಮಾವಂದಿರ ಕಿವಿಗೆ ಬೀಳಬಾರದು. ಮಾವ ಒಂದು ಉಡುಗೊರೆ ಕೊಟ್ಟು "ಇನ್ನು ಮಾತಾಡು ಮಗಳೇ" ಎಂದು ನಾಲಿಗೆ ಬಿಚ್ಚುವ ತನಕ ಅವಳು ತಲೆಯಾಡಿಸಬೇಕು, ಕೈಸನ್ನೆ ಮಾಡಬೇಕು, ಇಲ್ಲವೇ ನಾದಿನಿಯ ಕಿವಿಯಲ್ಲಿ ಉಸುರಬೇಕು. ಗಂಡ ವೇಸೆಲ್ ಒಬ್ಬನೇ ಸಿಕ್ಕಾಗ ಪಿಸುಮಾತಿಗೆ ಅಡ್ಡಿಯಿಲ್ಲ. ಹುಟ್ಟಿನಿಂದಲೇ ಸಂಕೋಚದವಳಾದ ಎಲ್ಮಾಸಳಿಗೆ ಇದು ಭಾರವೆನಿಸಿರಲಿಲ್ಲ. ಮಾತಾಡುವ ಹಂಗಿಲ್ಲದವಳಿಗೆ ನೋಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಅತ್ತೆ ಕಾಸಿದ ಹಾಲಿಗೆ ಕಿರುಬೆರಳು ಅದ್ದುವುದನ್ನು, ಬೆರಳಿಗೆ ಇರುವೆ ಕಚ್ಚಿದಷ್ಟೇ ಚುರುಕಾದಾಗ ಹೆಪ್ಪು ಬಿಡುವುದನ್ನು, ಕಂಬಳಿ ಸುತ್ತುವಾಗ ಪಾತ್ರೆ ಅಲುಗಾಡದಂತೆ ಮೊಣಕೈ ಊರುವುದನ್ನು ನೋಡಿ ನೋಡಿಯೇ ಕಲಿತಿದ್ದಳು. ಒಂದು ಮಾತ್ರ ನೋಡಿದರೆ ತಿಳಿಯುವಂಥದ್ದಾಗಿರಲಿಲ್ಲ. ಹೆಪ್ಪು ಬಿಟ್ಟ ಮೇಲೆ ಕೆಜಿಬಾನ್ ಹಾಲಿನ ಮೇಲೆ ಬಾಗಿ ಏನನ್ನೋ ಗುನುಗುತ್ತಿದ್ದಳು. ತುಟಿ ಅಲುಗುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಹಾಲನ್ನು ಮೊಸರು ಮಾಡುವ ಗುಟ್ಟೆಲ್ಲ ಆ ಗುನುಗಿನಲ್ಲೇ ಇದೆ ಎಂದು ಎಲ್ಮಾಸ್ ನಂಬಿದ್ದಳು. ಕೇಳಲು ಬಾಯಿ ಇರಲಿಲ್ಲ.

ವಸಂತ ಬಂತು. ಹಿಜಿರನ ದಿನ ಹತ್ತಿರವಾಯಿತು. ಸಾವಿಲ್ಲದ ಆ ಸಂತ ಹಿಜಿರ್ ವರ್ಷಕ್ಕೊಮ್ಮೆ ಆ ಬೆಳಗು ನೆಲದ ಮೇಲೆ ನಡೆದುಹೋಗುತ್ತಾನೆ; ಅವನು ಮೆಟ್ಟಿದಲ್ಲಿ ಹಸಿರು ಚಿಗುರುತ್ತದೆ, ಅವನು ಮುಟ್ಟಿದ್ದು ಬತ್ತುವುದಿಲ್ಲ. ಅದು ಕಳೆದ ಕೂಡಲೇ ಊರಿಗೆ ಊರೇ ಮೇಕೆ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗುವುದು. ಅಲ್ಲಿ ಬೇಸಿಗೆಯಿಡೀ ಹಾಲಿನ ಹೊಳೆ. ಅಂಥ ಹೊತ್ತಿಗೇ ದೊಡ್ಡ ಮಗಳ ಹೆರಿಗೆಯೆಂದು ಕೆಜಿಬಾನಳಿಗೆ ಆಚೆ ಕಣಿವೆಯ ಹಳ್ಳಿಯಿಂದ ಕರೆ ಬಂತು.

"ಕುಡಿಕೇಲಿರೋದನ್ನ ಯಾರಿಗೂ ಬಡಿಸ್ಬೇಡ, ಗೊತ್ತಾಯ್ತಾ?" ಎಂದಳು ಹೊರಡುವಾಗ, ಸೊಸೆಯ ಗಲ್ಲ ಹಿಡಿದೆತ್ತಿ. "ಮನೆ ಉರೀತಿದ್ರೆ ಮೊದ್ಲು ಕುಡಿಕೆ ಎತ್ಕೊಂಡು ಓಡು. ನಿನ್ನ ಮಾವನ್ನ ಆಮೇಲೆ ನೋಡಿದ್ರಾಯ್ತು. ಹಿಜಿರನ ದಿನ ಮಿನಿಬಸ್ಸಿಗೆ ಬಂದ್ಬಿಡ್ತೀನಿ."

ಎಲ್ಮಾಸ್ ತಲೆಯಾಡಿಸಿದಳು. ತನ್ನ ಕೈಗೆ ಇಷ್ಟು ದೊಡ್ಡದನ್ನು ಯಾರೂ ಕೊಟ್ಟಿರಲಿಲ್ಲ.

ಕೆಲಸ ಕೆಟ್ಟದ್ದು ಒಂದು ಮಧ್ಯಾಹ್ನ. ಅಂದು ಬೆಳಗ್ಗೆ ಇದ್ದ ಮೊಸರನ್ನೆಲ್ಲ ಕಡೆದು, ಮಜ್ಜಿಗೆಯನ್ನು ಮೇಕೆ ಕಾಯುವವರಿಗೆ ದುದುವಿನ ಕೈಯಲ್ಲಿ ಕಳಿಸಿಯಾಗಿತ್ತು. ಸಂಜೆಯ ಹಾಲು ಬಂದ ಮೇಲೆ ಹೊಸ ಹೆಪ್ಪು. ಗೂಡಿನ ಕುಡಿಕೆ ಬಿಟ್ಟರೆ ಮನೆಯಲ್ಲಿ ಮೊಸರಿನ ಹನಿಯೂ ಇರಲಿಲ್ಲ. ಆಗ ಮಾವ ಬೆಕಿರ್ ದಾರಿಹೋಕನೊಬ್ಬನನ್ನು ಕರೆದುಕೊಂಡು ಬಂದ. ಹೇಸರಗತ್ತೆಗಳಿಗೆ ಹೊರೆಯ ಜೀನು ಹೊಲಿದುಕೊಡುತ್ತ ಊರೂರು ತಿರುಗುವ ಮುದುಕ. ಗಡ್ಡದ ತುಂಬ ಧೂಳು.

"ಸೊಸೇ! ತಣ್ಣಗೆ ಒಂದಿಷ್ಟು ಮಜ್ಜಿಗೆ ತಗೊಂಡು ಬಾ ತಾಯಿ. ಈ ಯಜಮಾನ್ರು ಬೆಳಗ್ಗೆಯಿಂದ ನಡೀತಿದಾರೆ."

ಎಲ್ಮಾಸ್ ಖಾಲಿ ಗಡಿಗೆಯನ್ನು ಬಾಗಿಲಲ್ಲಿ ಬೋರಲು ಹಿಡಿದು ತೋರಿಸಿದಳು. ಬೆಕಿರನ ಕಣ್ಣು ಅವಳ ಭುಜದಾಚೆಯ ಗೂಡಿಗೆ ಹೋಯಿತು.

"ಅಲ್ಲೇ ಇದೆಯಲ್ಲ ಕುಡಿಕೇಲಿ! ಅದನ್ನೇ ಕಲಸು."

ಅವನಿಗೆ ಏನು ಗೊತ್ತು? ಆ ಗಂಡಸರಿಗೆ ಮೊಸರು ಎಂದರೆ ಬಟ್ಟಲಲ್ಲಿ ಬಂದು ಕೂರುವ ವಸ್ತು. ಎಲ್ಮಾಸ್ ಅಲ್ಲಾಡದೆ ನಿಂತಳು. ಬೇಡವೆಂದು ತಲೆಯಾಡಿಸಿದರೆ ಮನೆ ಬಾಗಿಲಿಗೆ ಬಂದ ಅತಿಥಿಯ ಮುಖದ ಮೇಲೆ ಮಾವನ ಮಾತು ಮುರಿದಂತೆ. ಏಕೆಂದು ಹೇಳುವ ಬಾಯಿ ಇಲ್ಲ. ಕೊನೆಗೆ ಕುಡಿಕೆ ಇಳಿಸಿ, ತಳದಲ್ಲಿ ಒಂದು ದೊಡ್ಡ ಚಮಚದಷ್ಟನ್ನು ಕಾಪಿಟ್ಟು, ಉಳಿದದ್ದಕ್ಕೆ ಚಿಲುಮೆಯ ನೀರು, ಉಪ್ಪು ಬೆರೆಸಿ ಕಡೆದಳು. ಅಷ್ಟು ಉಳಿದರೆ ಸಾಕು. ಒಂದು ಚಮಚದಿಂದ ಸಾಗರ ಮಾಡಬಹುದೆಂದು ಅತ್ತೆಯ ಕೈ ತೋರಿಸಿಕೊಟ್ಟಿತ್ತು.

ಮುದುಕ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ, ಮೀಸೆ ಒರೆಸಿಕೊಂಡು, "ಆಹಾ! ಇದು ಮಜ್ಜಿಗೆ. ಕೆಳಗೆ ಪೇಟೇಲಿ ಕೊಡೋದು ಸುಣ್ಣದ ನೀರು," ಎಂದ.

ಬೆಕಿರ್ ಉಬ್ಬಿಹೋದ. "ಸೊಸೇ, ಇನ್ನೊಂದು ಲೋಟ!"

ಇನ್ನಿಲ್ಲ ಎಂದು ತೋರಿಸಲು ಎಲ್ಮಾಸ್ ಕುಡಿಕೆಯನ್ನೇ ಎತ್ತಿ ವಾಲಿಸಿ ಹಿಡಿದಳು. ಆಗ ನಡೆಯಿತು. ಮುದುಕ ಎದ್ದು ಬಂದು, ಮಗುವನ್ನು ಎತ್ತಿಕೊಳ್ಳುವವನ ಹಾಗೆ, ಎರಡೂ ಕೈಯಲ್ಲಿ ಕುಡಿಕೆ ತೆಗೆದುಕೊಂಡ.

"ಇಲ್ಲ ಅಂತೀಯಲ್ಲ ತಾಯಿ, ಇಷ್ಟೊಂದಿದೆ! ದೇವರು ಕೊಟ್ಟಿದ್ದನ್ನ ಮಣ್ಣಿಗೆ ಯಾಕೆ ಬಿಡೋದು?" ಎಂದು ಹೂಜಿಯ ನೀರು ಹುಯ್ದು, ಬೆರಳಾಡಿಸಿ ಗೋಡೆಗೋಡೆ ಉಜ್ಜಿ, ಗುಳುಗುಳು ಅಲುಗಿಸಿ, ತಲೆ ಹಿಂದಕ್ಕೆ ಹಾಕಿ ಕುಡಿದುಬಿಟ್ಟ. ಅನ್ನದ ಅಗುಳೂ ಬಿಡದ ಒಳ್ಳೆಯ ಮನುಷ್ಯ.

ಎಲ್ಮಾಸಳ ಬಾಯಿ ತೆರೆದಿತ್ತು. "ಬೇಡ" ಎಂಬ ಮಾತು ಹೊಟ್ಟೆಯಿಂದ ಹೊರಟು ಗಂಟಲವರೆಗೆ ಬಂದದ್ದು ಅವಳಿಗೆ ಗೊತ್ತಾಯಿತು. ಅಲ್ಲಿಂದ ಮುಂದಕ್ಕೆ ದಾರಿ ಇರಲಿಲ್ಲ. ಒಂದು ಚಳಿಗಾಲವಿಡೀ ಮುಚ್ಚಿದ್ದ ಬಾಗಿಲು ಅಷ್ಟು ಬೇಗ ತೆರೆಯುವುದಿಲ್ಲ.

"ಈ ಮನೆ ಹಾಲು ಬತ್ತದೇ ಇರಲಿ," ಎಂದು ಹರಸಿ, ಮುದುಕ ಖಾಲಿ ಕುಡಿಕೆಯನ್ನು ಅವಳ ಕೈಗಿಟ್ಟು ಹೊರಟುಹೋದ.

ಸಂಜೆ ದುದು ಮೇಕೆಗಳ ಹಿಂದೆ ಹಾಡುತ್ತ ಬಂದಳು. ಕುಡಿಕೆ ನೋಡಿದಳು. ಹಾಡು ನಿಂತಿತು. ಎಲ್ಮಾಸ್ ಅವಳ ಕಿವಿಯಲ್ಲಿ ನಡೆದದ್ದನ್ನು ಉಸುರಿದಳು.

"ಅಯ್ಯಯ್ಯೋ! ನೆಕ್ಕಿಬಿಟ್ನಾ? ಪೂರ್ತಿ? ಅತ್ತಿಗೆ, ಅಮ್ಮ ಮೇಕೆ ತೊಗಲಲ್ಲಿ ತುಂಬೋ ಹಾಗೆ ನಿನ್ನ ತೊಗಲು ಸುಲಿದು ಚೀಸ್ ತುಂಬ್ತಾಳೆ." ಎಲ್ಮಾಸಳ ಮುಖ ನೋಡಿ ದುದು ಮೆತ್ತಗಾದಳು. "ಬಾ, ಬಾ, ಅಳ್ಬೇಡ. ಫಾದಿಮೆ ಅಜ್ಜಿ ಹತ್ರ ಕೇಳೋಣ. ಅವಳ ಹೆಪ್ಪೂ ನಮ್ಮನೇದೇ ಅಲ್ವಾ."

ಪಕ್ಕದ ಮನೆಯ ಫಾದಿಮೆ ಅಜ್ಜಿ ಹೊಸ್ತಿಲಲ್ಲಿ ಉಣ್ಣೆ ನೂಲುತ್ತಿದ್ದಳು. ಕೇಳಿದ ಕೂಡಲೇ ಕದಿರು ಕೆಳಗಿಟ್ಟು ಕೆನ್ನೆ ಬಡಿದುಕೊಂಡಳು.

"ಈ ವಾರ ಕೇಳ್ತೀರಲ್ಲೇ! ಹಿಜಿರನ ದಿನ ಕಳೆದು ಹುಲ್ಲುಗಾವಲಿನ ಮೊದಲ ಬೆಣ್ಣೆ ತೆಗೆಯೋ ತನಕ ಹಾಲು, ಹೆಪ್ಪು, ಬೆಂಕಿ, ಉಪ್ಪು ಹೊಸ್ತಿಲು ದಾಟಿಸೋ ಹಾಗಿದ್ಯಾ? ನಾನು ಕೊಟ್ಟೆ ಅಂದ್ರೆ ನನ್ನ ಮನೆ ಸಮೃದ್ಧಿಯೆಲ್ಲ ನಿಮ್ಮ ಹಿಂದೇನೇ ಬಂದ್ಬಿಡತ್ತೆ. ಊರಲ್ಲಿ ಯಾರೂ ಕೊಡಲ್ಲ. ನಿಮ್ಮಮ್ಮ ಇದ್ರೆ ಅವಳೂ ಕೊಡ್ತಿರ್ಲಿಲ್ಲ."

"ಹಾಗಾದ್ರೆ ಹಿಜಿರನ್ನೇ ಕೇಳ್ಬೇಕಷ್ಟೆ," ಎಂದು ದುದು ತಮಾಷೆಗೆ ಅಂದಳು.

ಅಜ್ಜಿ ನಗಲಿಲ್ಲ. "ಕೇಳ್ಬೇಕಾದ್ದೇ ಅವನ್ನ. ಹಿಂದೆ ಹೆಪ್ಪು ಸತ್ತ ಮನೆಯವ್ರು ಹಾಗೇ ಮಾಡ್ತಿದ್ರು. ಆ ದಿನ ಸೂರ್ಯ ಮುಟ್ಟೋಕೆ ಮುಂಚೆ ಹುಲ್ಲಿನ ಮೇಲಿನ ಇಬ್ಬನಿ ತರಬೇಕು. ಹಾಲಿಗೆ ಅದನ್ನ ಬಿಟ್ಟು ಕಟ್ಟಿಟ್ರೆ, ಅವನು ಆ ದಾರೀಲಿ ಹೋಗಿದ್ರೆ ಹೆಪ್ಪಾಗತ್ತೆ. ಹೋಗಿಲ್ದಿದ್ರೆ ಹಾಲು ಹಾಳಾಗತ್ತೆ, ಅಷ್ಟೇ. ಆದ್ರೆ ಮನೆ ಬಿಟ್ಟಾಗಿಂದ ಕಂಬಳಿ ಸುತ್ತೋ ತನಕ ಒಂದು ಮಾತೂ ಆಡ್ಬಾರ್ದು. ಒಬ್ಳೇ ಹೋಗ್ಬೇಕು."

ದುದು ಅತ್ತಿಗೆಯ ಕಡೆ ತಿರುಗಿದಳು. "ನಾನು ಹೋದ್ರೆ ದಾರೀಲಿ ನಾಯಿಗೂ ನಮಸ್ಕಾರ ಹೇಳ್ತೀನಿ. ಇದು ನಿನ್ನ ಕೆಲಸ ಕಣೇ ಅತ್ತಿಗೆ."

ಅಂದಿನಿಂದ ಬಂದ ಹಾಲನ್ನೆಲ್ಲ ಮೊಸರು ಮಾಡಲಾಗದೆ ಚೀಸಿಗೆ ಒಡೆದರು. ಹಬ್ಬದ ಹಿಂದಿನ ಸಂಜೆ ವೇಸೆಲ್ ಪೇಟೆಯಿಂದ ಉಪ್ಪಿನ ಮೂಟೆಯ ಜೊತೆ ಒಂದು ತಗಡಿನ ಡಬ್ಬಿಯನ್ನೂ ಹೊತ್ತು ತಂದು, ಮೇಕೆ ದೊಡ್ಡಿಯ ಹಿಂದೆ ಹೆಂಡತಿಗೂ ತಂಗಿಗೂ ತೋರಿಸಿದ.

"ಮೊಸರು! ಒಂದು ಚಮಚ ಹಾಲಿಗೆ ಹಾಕಿದ್ರೆ ಆಯ್ತು. ಅಮ್ಮಂಗೆ ಗೊತ್ತೇ ಆಗಲ್ಲ. ಅಂಗಡಿಯವನೇ ಹೇಳ್ದ, ಅವರಜ್ಜಿ ಕಾಲದ ಹೆಪ್ಪಂತೆ."

ದುದು ಬೆರಳಲ್ಲಿ ಅದ್ದಿ ನೆಕ್ಕಿ ಮುಖ ಕಿವುಚಿದಳು. "ಅವರಜ್ಜಿ ಗೋಡೆಗೆ ಬಳೀತಿದ್ದದ್ದಿರ್ಬೇಕು."

"ನೀನು ಸುಮ್ನಿರು. ಎಲ್ಮಾಸ್, ನೀನೇ ಹೇಳು. ನಾಳೆ ಅಮ್ಮ ಬಂದಾಗ ಮೊಸರು ಇಲ್ದಿದ್ರೆ ಊರೆಲ್ಲ ಆಡ್ಕೊಳ್ಳತ್ತೆ. 'ಪೇಟೆ ಸೊಸೆ ತಂದ್ರು, ಮನೆ ಕುಡಿಕೆ ಒಣಗ್ತು' ಅಂತಾರೆ."

ಎಲ್ಮಾಸ್ ಡಬ್ಬಿಯನ್ನೇ ನೋಡುತ್ತಿದ್ದಳು. ಇಂಥ ಡಬ್ಬಿಗಳ ಜೊತೆಯೇ ಅವಳು ಬೆಳೆದದ್ದು. "ಇಡು," ಎಂದಳು ಮೆಲ್ಲಗೆ. "ಬೆಳಗ್ಗೆ ನೋಡೋಣ."

ಹಬ್ಬದ ಬೆಳಗು ಎದ್ದವಳೇ, ತೊಳೆದೊಣಗಿಸಿದ ತೆಳು ಬಟ್ಟೆಯೊಂದನ್ನು ಹೆಗಲಿಗೆ ಹಾಕಿಕೊಂಡಳು. ತಾಮ್ರದ ಪಾತ್ರೆಗಳೆಲ್ಲ ಹಾಲಿಗೆ ಬೇಕು. ಗೂಡಿನಲ್ಲಿ ಕೈಗೆ ಸಿಕ್ಕಿದ್ದು ಅದೇ ಖಾಲಿ ಕುಡಿಕೆ. ಮುದುಕ ಕೊಟ್ಟಾಗ ಹೇಗಿತ್ತೋ ಹಾಗೇ ಇಟ್ಟಿದ್ದಳು. ತೊಳೆಯಲು ಕೈ ಬಂದಿರಲಿಲ್ಲ. ಅದನ್ನೇ ಹಿಡಿದು ಹೊರಟಳು.

ಹೊರಗೆ ಬೆಟ್ಟವಿರಲಿಲ್ಲ. ಕೆಳಗಿನ ಕಣಿವೆಯೆಲ್ಲ ಮಂಜು ತುಂಬಿ, ಅವರ ಊರು ಮಾತ್ರ ಹಾಲಿನಲ್ಲಿ ತೇಲುವ ರೊಟ್ಟಿಯ ಚೂರಿನಂತೆ ಉಳಿದಿತ್ತು. ಚಿಲುಮೆಯ ದಾರಿಯಲ್ಲಿ ಹೆಂಗಸರು ಇಬ್ಬನಿಯಲ್ಲಿ ಮುಖ ತೊಳೆಯುತ್ತ, ಗುಲಾಬಿ ಗಿಡಕ್ಕೆ ಹರಕೆಯ ಬಟ್ಟೆಚೂರು ಕಟ್ಟುತ್ತ ಗಲಗಲ ಎನ್ನುತ್ತಿದ್ದರು.

"ಎಲ್ಲಿಗೆ ಹೊರಟೆ ಎಲ್ಮಾಸ್?" ಎಂದಳೊಬ್ಬಳು.

"ಅವಳೆಲ್ಲಿ ಬಾಯಿ ಬಿಡ್ತಾಳೆ, ಬಿಡು. ಬೆಕಿರಪ್ಪ ಇನ್ನೂ ಆಡು ಹುಡುಕ್ತಾ ಇದಾನೆ ಉಡುಗೊರೆಗೆ," ಎಂದಳು ಇನ್ನೊಬ್ಬಳು. ನಗು ಹಿಂದೆ ಉಳಿಯಿತು.

ಚಿಲುಮೆ ದಾಟಿದ ಮೇಲೆ ಯಾರೂ ಇರಲಿಲ್ಲ. ಎಲ್ಮಾಸ್ ಮೊಣಕಾಲೂರಿ ಬಟ್ಟೆಯನ್ನು ಹುಲ್ಲಿನ ಮೇಲೆ ಮೆಲ್ಲಗೆ ಎಳೆದಳು. ಅಷ್ಟು ಹತ್ತಿರದಿಂದ ಅವಳು ಹುಲ್ಲನ್ನು ನೋಡಿರಲಿಲ್ಲ. ಪ್ರತಿ ಎಸಳಿನ ತುದಿಯಲ್ಲೂ ಒಂದು ಹನಿ. ಪ್ರತಿ ಹನಿಯಲ್ಲೂ ಬೆಳಗಾಗುತ್ತಿರುವ ಆಕಾಶ, ತಲೆಕೆಳಗಾಗಿ. ಯಾರೂ ಸುರಿಯದ ನೀರು. ರಾತ್ರಿ ಮಲಗುವಾಗ ಇರಲಿಲ್ಲ, ಸೂರ್ಯ ಬಂದರೆ ಇರುವುದಿಲ್ಲ. ನಡುವೆ ಈ ಇಷ್ಟು ಹೊತ್ತು ಮಾತ್ರ ಬೆಟ್ಟಕ್ಕೆ ಬೆಟ್ಟವೇ ತುಂಬಿ ನಿಂತಿದೆ. ಯಾರೋ ಆಗತಾನೇ ಎದ್ದುಹೋದ ಕೋಣೆಗೆ ಕಾಲಿಟ್ಟಂತಿತ್ತು. ಕಾಡುಪುದೀನದ ಮೇಲೆ, ಎಳೆ ಗೋಧಿಯ ಮೇಲೆ, ಹೆಸರು ಗೊತ್ತಿಲ್ಲದ ಹಳದಿ ಹೂವಿನ ಮೇಲೆ ಬಟ್ಟೆ ಎಳೆದು, ಭಾರವಾದಾಗ ಕುಡಿಕೆಗೆ ಹಿಂಡಿದಳು. ಎಷ್ಟು ಎಳೆದರೂ ಬಂದದ್ದು ತಳ ಮುಚ್ಚುವಷ್ಟು, ಹುಲ್ಲಿನ ವಾಸನೆಯ, ತುಸು ಮಬ್ಬಾದ ನೀರು.

ಮನೆಗೆ ಬಂದು ಹಾಲು ಕಾಸಿದಳು. ಆರಲು ಬಿಟ್ಟು ಕಿರುಬೆರಳು ಅದ್ದಿದಳು. ಇರುವೆ ಕಚ್ಚಿತು. ಕುಡಿಕೆಯ ನೀರನ್ನು ಬಿಡುವ ಮೊದಲು ಅವಳ ಕಣ್ಣು ಮೂಲೆಯ ಡಬ್ಬಿಗೆ ಹೋಯಿತು. ಒಂದು ಚಮಚ. ಯಾರೂ ನೋಡುತ್ತಿರಲಿಲ್ಲ. ಅವಳು ನಿಜವಾಗಿಯೂ ಚಮಚ ಎತ್ತಿಕೊಂಡು, ಡಬ್ಬಿಯ ಮುಚ್ಚಳ ತೆಗೆದು, ತುಂಬಿಸಿ, ಹಾಲಿನ ಮೇಲೆ ತಂದಳು. ಸಂಜೆ ಅತ್ತೆ "ಇದು ನಮ್ಮ ಹೆಪ್ಪೇನೇ?" ಎಂದು ಕೇಳುತ್ತಾಳೆ. ತಾನು ತಲೆಯಾಡಿಸಬೇಕಾಗುತ್ತದೆ. ಬಾಯಿ ತೆರೆಯದೆಯೂ ಸುಳ್ಳು ಹೇಳಬಹುದು ಎಂದು ಎಲ್ಮಾಸಳಿಗೆ ಆಗ ಹೊಳೆಯಿತು. ಚಮಚವನ್ನು ಡಬ್ಬಿಗೇ ತಿರುಗಿಸಿ, ಕುಡಿಕೆಯನ್ನು ಹಾಲಿಗೆ ಬಗ್ಗಿಸಿದಳು. ಕೊನೆಯ ಹನಿಗೆ ಒಂದಿಷ್ಟು ಹಾಲನ್ನೇ ಕುಡಿಕೆಗೆ ಹುಯ್ದು, ಬೆರಳಾಡಿಸಿ, ಆ ಮುದುಕ ಮಾಡಿದಂತೆಯೇ ಉಜ್ಜಿ ಅಲುಗಿಸಿ ಸುರಿದಳು. ಇನ್ನು ಗುನುಗಬೇಕು. ಏನೆಂದು ಗೊತ್ತಿಲ್ಲ, ಗೊತ್ತಿದ್ದರೂ ಮಾತಾಡುವಂತಿಲ್ಲ. ಬಾಗಿ ಸುಮ್ಮನೆ ಉಸಿರು ಬಿಟ್ಟಳು. ಅತ್ತೆಯ ಕಂಬಳಿ ಸುತ್ತಿದಳು.

ಮಧ್ಯಾಹ್ನದ ಮಿನಿಬಸ್ಸಿನಿಂದ ಕೆಜಿಬಾನ್ ಇಳಿದಳು. ಮೊಮ್ಮಗನ ಮೂಗು ಯಾರಂತಿದೆ, ಬೀಗಿತ್ತಿ ಎಂಥ ಜಿಪುಣಿ ಎಂದು ಅಂಗಳದಲ್ಲೇ ಶುರುಮಾಡಿದವಳು, ಒಳಗೆ ಬಂದು ಗೂಡು ನೋಡಿ ನಿಂತಳು.

"ಕುಡಿಕೆ ಯಾಕೆ ಬೋರಲಾಗಿದೆ?"

ದುದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಕೆಜಿಬಾನ್ ಹೆಗಲ ಗಂಟನ್ನು ನೆಲಕ್ಕಿಳಿಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಮನೆ ಹೆಪ್ಪನ್ನೇ ಕುಡಿಸಿಬಿಟ್ರಾ? ನಿಮ್ಮಮ್ಮ ಮಡಿಲಲ್ಲಿಟ್ಟು ತಂದದ್ದನ್ನ?"

"ನಂಗೇನು ಗೊತ್ತು ಕಣೇ, ಅದು ಹೆಪ್ಪು ಅಂತ?" ಬೆಕಿರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಇವಳಾದ್ರೂ ಒಂದು ಮಾತು ಹೇಳ್ಬಹುದಿತ್ತು!"

"ಹೇಳ್ಬಹುದಿತ್ತು! ಯಾವ ಬಾಯಿಂದ? ನೀವು ಬೀಗ ಹಾಕಿಟ್ಟಿದೀರಲ್ಲ, ಆ ಬಾಯಿಂದಲಾ?"

ಕೆಜಿಬಾನ್ ಸೊಸೆಯನ್ನು ನೋಡಿದಳು. ಆ ನೋಟದಲ್ಲಿ ಕರುಣೆಯೇನೂ ಇರಲಿಲ್ಲ. "ಆಯ್ತು. ಕಂಬಳಿ ಬಿಚ್ಚಿ ನೋಡೋಣ. ಹಾಲು ಹಾಲಾಗೇ ಇದ್ರೆ, ಆ ಡಬ್ಬಿ ಹೊತ್ಕೊಂಡೇ ಹುಲ್ಲುಗಾವಲಿಗೆ ಹೋಗೋದು. ನಾನಂತೂ ಅದನ್ನ ಮುಟ್ಟಲ್ಲ. ಕಡಗೋಲು, ಕೊಪ್ಪರಿಗೆ, ಎಲ್ಲ ನಿಂದೇ." ಕಂಬಳಿಗೆ ಕೈಹಾಕಿದವಳು, ಯಾಕೋ ಹಿಂದೆಗೆದಳು. "ಇಲ್ಲ. ಬಿಸಿಲು ಇಳೀಲಿ. ಅವನ ದಿನ ಪೂರ್ತಿ ಅವನಿಗೇ ಬಿಡೋಣ."

ಅಷ್ಟು ನಿಧಾನವಾಗಿ ಯಾವ ಬಿಸಿಲೂ ಇಳಿದಿರಲಿಲ್ಲ. ವೇಸೆಲ್ ಕಾರಣವಿಲ್ಲದೆ ದೊಡ್ಡಿಯ ಗೂಟ ಬಡಿದ. ಫಾದಿಮೆ ಅಜ್ಜಿ ಕದಿರು ಹಿಡಿದು ಬಂದು, "ನಾನೇನು ನೋಡೋಕೆ ಬಂದಿಲ್ಲ," ಎಂದು ಎಲ್ಲರಿಗಿಂತ ಮುಂದೆ ಕೂತಳು. ಎದುರು ಬೆಟ್ಟದ ನೆರಳು ಅಂಗಳ ಮುಟ್ಟಿದಾಗ ಕೆಜಿಬಾನ್ ಕೈ ತೊಳೆದು, ಕಂಬಳಿಯ ಒಂದೊಂದೇ ಸುತ್ತು ಬಿಚ್ಚಿದಳು.

ಮುಚ್ಚಳ ತೆಗೆದಳು. ಪಾತ್ರೆಯ ಅಂಚು ಹಿಡಿದು ತುಸುವೇ ವಾಲಿಸಿದಳು.

ಹಾಲು ಹರಿಯಲಿಲ್ಲ. ನಿದ್ದೆಯಲ್ಲಿ ಮಗ್ಗುಲಾದ ಕರುವಿನ ಚರ್ಮದಂತೆ ಒಮ್ಮೆ ನಡುಗಿ, ಒಟ್ಟಾಗಿ, ಇದ್ದಲ್ಲೇ ನಿಂತಿತು. ಗಟ್ಟಿಯೇನಲ್ಲ, ಅಂಚಿನಲ್ಲಿ ನೀರು ಬಿಟ್ಟಿತ್ತು, ಮೇಲೆ ಕೆನೆ ತೆಳುವಾಗಿತ್ತು. ಆದರೆ ಹಾಲಲ್ಲ. ಬೆಳಗ್ಗೆ ಹಾಲಾಗಿದ್ದದ್ದು ಈಗ ಹಾಲಲ್ಲ. ಅದರ ಹುಳಿವಾಸನೆಯ ಜೊತೆ ಇನ್ನೊಂದು ವಾಸನೆ ಮೇಲೆದ್ದಿತು, ಮಳೆ ನಿಂತ ಮೇಲಿನ ಹುಲ್ಲಿನದು.

ಫಾದಿಮೆ ಅಜ್ಜಿಯ ಕೈಯಿಂದ ಕದಿರು ಜಾರಿ ಉರುಳಿಹೋಯಿತು, ಯಾರೂ ಎತ್ತಿಕೊಡಲಿಲ್ಲ.

ಕೆಜಿಬಾನ್ ಬೆರಳ ತುದಿಯಲ್ಲಿ ತೆಗೆದು ನಾಲಿಗೆಗಿಟ್ಟಳು. ಕಣ್ಣು ಮುಚ್ಚಿದಳು. ಎದ್ದು ಹೋಗಿ ಮತ್ತೊಮ್ಮೆ ಕೈ ತೊಳೆದು ಬಂದು ಮತ್ತೆ ರುಚಿ ನೋಡಿದಳು. "ನಮ್ಮದೇ," ಎಂದಳು. ಆಮೇಲೆ, "ನಮ್ಮದಲ್ಲ." ಮತ್ತೆ ನಾಲಿಗೆ ಆಡಿಸಿ, "ನಮ್ಮದೇ ಕಣ್ರೀ, ಆದ್ರೆ... ಏಯ್ ಹುಡುಗಿ, ಯಾವ ಹುಲ್ಲಿಂದ ತಂದೆ? ಯಾವ ಕಡೆಯಿಂದ?"

ಎಲ್ಮಾಸ್ ದುದುವಿನ ಕಡೆ ನೋಡಿದಳು. ದುದುವಿಗೆ ಏನು ಗೊತ್ತು? ಜೊತೆಗೆ ಯಾರೂ ಹೋಗಿರಲಿಲ್ಲ.

"ಅವಳ ಕಿವೀಲಿ ಹೇಳ್ಬೇಡ, ನಂಗೆ ಹೇಳು!" ಎಂದ ಕೆಜಿಬಾನ್, ಸೊಸೆಗೆ ಆ ಬಾಯಿಲ್ಲವೆಂದು ನೆನಪಾಗಿ ಗಂಡನ ಮೇಲೆ ಹರಿಹಾಯ್ದಳು. "ಏನು ನೋಡ್ತಾ ನಿಂತಿದೀರಿ? ಹುಡುಗಿ ನಾಲಿಗೆ ಬಿಚ್ಚಿ. ಈಗ್ಲೇ!"

"ಈಗ್ಲಾ? ಸುಗ್ಗೀಲಿ ನೋಡೋಣ ಅಂತಿದ್ದೆ... ಒಂದು ಆಡು ಕೊಡೋಣ ಅಂತ..."

"ಯಾವ ಆಡು?"

"ಆ ಮೋಟು ಕೋಡಿನ—"

"ಮೋಟು ಕೋಡು ನಿಮ್ಮ ತಲೆಗೆ ಕಟ್ಕೊಳ್ಳಿ. ಚುಕ್ಕಿ ಆಡು ಕೊಡಿ, ಹಾಲು ಕೊಡೋದು."

ಬೆಕಿರ್ ಒಮ್ಮೆ ದೊಡ್ಡಿಯ ಕಡೆ, ಒಮ್ಮೆ ಪಾತ್ರೆಯ ಕಡೆ ನೋಡಿದ. ಪಾತ್ರೆಯಲ್ಲಿ ಬಿಳಿ ಇನ್ನೂ ಮೆಲ್ಲಗೆ ನಡುಗುತ್ತಿತ್ತು. ಅವನ ದನಿ ತಗ್ಗಿತು. "ಚುಕ್ಕಿ ನಿಂದು ಮಗಳೇ. ಮಾತಾಡು. ಅವತ್ತೇ ಬಿಚ್ಬೇಕಿತ್ತು ನಾನು."

ಎಲ್ಮಾಸ್ ಬಾಯಿ ತೆರೆದಳು. ಮೊದಲು ಗಾಳಿ ಮಾತ್ರ ಬಂತು. ಆಮೇಲೆ ಒರಟಾದ, ಯಾರೂ ಎಣಿಸಿರದಷ್ಟು ದಪ್ಪದ ದನಿ.

"ಎಲ್ಲ ಹುಲ್ಲಿಂದನೂ ತಂದೆ ಅತ್ತೆ. ಚಿಲುಮೆ ಆಚೆಯಿಂದ. ಆದ್ರೆ ಬೇರೆ ಪಾತ್ರೆ ಇರ್ಲಿಲ್ಲ. ಕುಡಿಕೇಲೇ ಹಿಂಡಿದೆ. ತೊಳೆದಿರ್ಲಿಲ್ಲ."

ಕೆಜಿಬಾನ್ ಎದ್ದು ಕುಡಿಕೆ ತಂದಳು. ಒಳಗೋಡೆಯ ಮೇಲೆ ಹೆಬ್ಬೆರಳಾಡಿಸಿದಳು. ಮೆರುಗಿಲ್ಲದ ಮಣ್ಣು, ಕಾಣದಷ್ಟು ಸಣ್ಣ ಬಾಯಿಗಳ ಮಣ್ಣು; ಒಂಟೆಯ ಕಾಲದಿಂದ ಪ್ರತಿದಿನ ಹೀರಿಕೊಂಡದ್ದು. "ಇದು ಬಿಟ್ಟುಕೊಟ್ಟಿಲ್ಲ," ಎಂದಳು, ತನಗೇ ಹೇಳಿಕೊಂಡಂತೆ. "ಆ ಯಜಮಾನ ಎಷ್ಟು ಉಜ್ಜಿದ್ರೂ ಮಣ್ಣು ಒಳಗಿಟ್ಕೊಂಡಿತ್ತು."

"ಮಣ್ಣೂ ಅಲ್ಲ, ಗಿಣ್ಣೂ ಅಲ್ಲ," ಎಂದಳು ಫಾದಿಮೆ ಅಜ್ಜಿ. "ಹುಲ್ಲಿನ ವಾಸನೆ ಬರ್ತಿಲ್ವಾ? ಹಿಜಿರ್ ಬಂದು ಹೋಗಿದಾನೆ."

"ಅಪ್ಪಾ, ಆ ಜೀನು ಹೊಲಿಯೋ ಅಜ್ಜನೇ ಹಿಜಿರ್ ಆಗಿದ್ರೆ?" ದುದು ನಡುವೆ ಬಾಯಿ ಹಾಕಿದಳು. "ಅವನ ಹೆಬ್ಬೆರಳಲ್ಲಿ ಮೂಳೆ ಇರಲ್ಲ ಅಂತಾರೆ. ಕೈ ಹಿಡ್ಕೊಂಡಾಗ ನೋಡಿದ್ಯಾ?"

"ಚೆನ್ನಾಗೇ ಇತ್ತು ಮೂಳೆ. ಹಿಂಡಿಬಿಟ್ಟ ನನ್ನ ಕೈನ," ಎಂದ ಬೆಕಿರ್. ಆದರೂ ತನ್ನ ಅಂಗೈಯನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿಕೊಂಡ.

ಮಣ್ಣಿನದೋ ಇಬ್ಬನಿಯದೋ, ಅಂದು ಅಲ್ಲಿ ಯಾರೂ ತೀರ್ಮಾನಿಸಲಿಲ್ಲ. ಸಂಜೆಯ ಹಾಲು ಬಂತು. ಈ ತೆಳು ಮೊಸರನ್ನೇ ಹೆಪ್ಪಾಗಿ ಬಿಟ್ಟರೆ ನಾಳೆಯದು ಇದಕ್ಕಿಂತ ಗಟ್ಟಿ, ನಾಡಿದ್ದಿನದು ಅದಕ್ಕಿಂತ ಗಟ್ಟಿ, ಹುಲ್ಲುಗಾವಲು ಮುಟ್ಟುವಷ್ಟರಲ್ಲಿ ಚಾಕುವಿನಲ್ಲಿ ಕೊಯ್ಯುವಂತಾಗುತ್ತದೆ ಎಂದು ಕೆಜಿಬಾನ್ ಹೇಳಿದಳು. ಕಿರುಬೆರಳು ಅದ್ದಲು ಸೊಸೆಗೇ ಹೇಳಿದಳು. ಹೆಪ್ಪು ಬಿಟ್ಟಾದ ಮೇಲೆ, ಎಂದಿನಂತೆ ಪಾತ್ರೆಯ ಮೇಲೆ ಬಾಗಲು ಹೊರಟಳು.

"ಅತ್ತೆ," ಎಂದಳು ಎಲ್ಮಾಸ್. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ನೀವು ಹಾಲಿಗೆ ಏನು ಹೇಳ್ತೀರಿ? ಮಂತ್ರಾನಾ?"

ಕೆಜಿಬಾನ್ ಮೊದಲ ಬಾರಿಗೆ ನಕ್ಕಳು. "ಯಾವ ಮಂತ್ರ, ಮಾರಾಯ್ತಿ! ಮನೆ ಸುದ್ದಿ ಹೇಳ್ತೀನಿ. ಯಾರು ಬಂದ್ರು, ಯಾವ ಮೇಕೆ ಈಯ್ತು, ಯಾರು ಯಾರ ಜೊತೆ ಜಗಳ ಆಡಿದ್ರು. ನನ್ನತ್ತೆ ಹೇಳ್ತಿದ್ಲು. ಹೆಪ್ಪು ರಾತ್ರಿಯೆಲ್ಲ ಎದ್ದಿದ್ದು ನಮಗೋಸ್ಕರ ಕೆಲ್ಸ ಮಾಡತ್ತಲ್ಲ, ಅದಕ್ಕೂ ಗೊತ್ತಿರ್ಬೇಡ್ವಾ, ಯಾರ ಮನೇಲಿದೀನಿ ಅಂತ?" ಪಾತ್ರೆಯ ಪಕ್ಕದಿಂದ ಸರಿದು ಜಾಗ ಬಿಟ್ಟಳು. "ಇವತ್ತು ನಾನೇನು ಹೇಳ್ಲಿ, ನಾನು ಊರಲ್ಲೇ ಇರ್ಲಿಲ್ಲ. ನೀನೇ ಹೇಳು."

ಎಲ್ಮಾಸ್ ಬಾಗಿದಳು. ಬೆಚ್ಚನೆಯ ಹಬೆ ಮುಖಕ್ಕೆ ತಾಗಿತು. ಒಳಗೆ ಏನೋ ಕಿವಿಗೊಟ್ಟು ಕಾಯುತ್ತಿದೆ ಎನ್ನಿಸಿತು.

"ಒಬ್ಬ ಮುದುಕಪ್ಪ ಬಂದಿದ್ರು," ಎಂದು ಅವಳು ಮೆಲ್ಲಗೆ ಶುರುಮಾಡಿದಳು. "ಬೆಳಗ್ಗೆಯಿಂದ ನಡ್ಕೊಂಡು ಬಂದಿದ್ರು, ತುಂಬ ಬಾಯಾರಿತ್ತು..."